ದರ್ಜಿಯಮ್ಮನ ನಿಮಿಷ

ಮಾತಾಡುವಾಗ ನನ್ನ ನಾಲಿಗೆ ತಡವರಿಸುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ. ಬರೆಯುವಾಗ ಮಾತ್ರ ನನ್ನಷ್ಟು ಬಾಯಿಬಡುಕಿ ಇನ್ನೊಬ್ಬಳಿಲ್ಲ, ಆದ್ದರಿಂದ ಈ ವಿಷಯವನ್ನು ಬರೆದೇ ಹೇಳುತ್ತಿದ್ದೇನೆ. ಎದುರಿಗೆ ಕೂತು ಹೇಳಹೊರಟಿದ್ದರೆ ನನ್ನ ಮೊದಲ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧವನ್ನು ನೀವೇ ಮುಗಿಸಿಬಿಡುತ್ತಿದ್ದಿರಿ. ಎಲ್ಲರೂ ಮಾಡುವುದು ಅದನ್ನೇ. ನನ್ನದು ಬಟ್ಟೆ ಸರಿಮಾಡುವ ಅಂಗಡಿ: ಬಿಗಿಯಾದದ್ದನ್ನು ಬಿಡಿಸುವುದು, ದೊಗಲೆಯಾದದ್ದನ್ನು ಹಿಡಿಸುವುದು. ಗಿರಾಕಿಗೆ "ತೋಳು ಬಿಚ್ಚಬೇಕಾಗುತ್ತೆ" ಎಂದು ಹೇಳಲು ಬಾಯಿ ತೆರೆದು "ತೋ..." ಎಂದರೆ ಸಾಕು, "ತೊಳೀಬೇಕಾ?" ಎಂದು ಅವರೇ ಕೇಳಿ, ಬಟ್ಟೆಯನ್ನು ಮನೆಗೆ ಒಯ್ದು ಒಗೆದು ತರುತ್ತಾರೆ. ಬೇಡ ಎನ್ನುವಷ್ಟರಲ್ಲಿ ರಸ್ತೆ ದಾಟಿರುತ್ತಾರೆ.

ನನ್ನ ಮಾತು ಮುಗಿಯುವವರೆಗೆ ಸುಮ್ಮನೆ ಕಾದ ಮನುಷ್ಯ ಒಬ್ಬರೇ. ಅವರು ಕಂಬದ ಮಾಮ.

ಮಾಮ ಎಂದರೆ ರಕ್ತಸಂಬಂಧವೇನಲ್ಲ. ನಮ್ಮ ಓಣಿಯ ಕೊನೆಯ ಮನೆಯವರು. ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದವರು, ಆ ಹೆಸರು ಹಾಗೆ ಬಂತು. ದಿನವಿಡೀ ಊರವರ ಮಾತಿಗೆ ತಂತಿ ಎಳೆದು ಸಾಲದೆ, ಮನೆಗೆ ಬಂದು ತಮ್ಮದೊಂದು ತಂತಿ ಎಳೆದು ಹವ್ಯಾಸಿ ರೇಡಿಯೊ ನಡೆಸುತ್ತಿದ್ದರು. ನನಗೆ ಹದಿನೆಂಟಾಗಿದ್ದಾಗ, ಅವರ ಪ್ಯಾಂಟು ಕೊಡಲು ಹೋದವಳನ್ನು ಕೂರಿಸಿ ಟೆಲಿಗ್ರಾಂ ಕಳಿಸಲು ಒತ್ತುತ್ತಿದ್ದಂಥ ಮೋರ್ಸ್ ಕೀ ಕೈಗೆ ಕೊಟ್ಟರು. ಚುಕ್ಕೆಗೆ ಚಿಕ್ಕ ಒತ್ತು, ಗೆರೆಗೆ ಉದ್ದ ಒತ್ತು, ಇಷ್ಟೇ. ನನ್ನ ಹೆಸರನ್ನು ಒತ್ತಿ ನೋಡಿದೆ. ಕೈ ತಡವರಿಸಲಿಲ್ಲ. ಇನ್ನೊಮ್ಮೆ ಒತ್ತಿದೆ, ಆಗಲೂ ಇಲ್ಲ. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳಿನಿಂದ ತಟ್ಟಿಕೊಂಡೇ ಹೋದೆ, ನೋಡಿದವರು ಏನಂದುಕೊಂಡರೋ.

ಅವರದೊಂದು ಭಾನುವಾರದ ಗುಂಪಿತ್ತು. ಹನ್ನೊಂದು ಊರಿನ ಹನ್ನೊಂದು ಜನ ಬೆಳಿಗ್ಗೆ ಏಳರಿಂದ ಎಂಟರವರೆಗೆ ನಲವತ್ತು ಮೀಟರಿನ ಅಲೆಯಲ್ಲಿ ಸೇರಿ ಹರಟುವವರು. ಹಾಜರಿ ಕರೆಯುವುದು ಮಾಮನ ಕೆಲಸ. ನಾನು ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂದ ಮೊದಲ ಭಾನುವಾರ ಅವರು ಗುಂಪಿಗೆ ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ. "ನೋಡ್ರಪ್ಪ, ನಮ್ಮ ಓಣಿ ಹುಡುಗಿ ಬಂದಿದಾಳೆ. ಅವಳು ಕೈಯಲ್ಲಿ ಮಾತಾಡ್ತಾಳೆ. ಮೊದಲ ಸುತ್ತು ಮುಗಿದ ಮೇಲೆ ಒಂದು ನಿಮಿಷ ಅವಳಿಗೆ ಬಿಡಬೇಕು. ಆ ನಿಮಿಷ ಯಾರೂ ಬಾಯಿ ತೆರೀಬಾರದು, ಕೆಮ್ಮೋದಿದ್ರೂ ಮೈಕ್ ಬಿಟ್ಟು ಕೆಮ್ಮಿ."

ಇಪ್ಪತ್ತೆರಡು ವರ್ಷದಿಂದ ಆ ಹನ್ನೊಂದು ವಾಚಾಳಿಗಳು ನನಗೋಸ್ಕರ ವಾರಕ್ಕೊಂದು ನಿಮಿಷ ಬಾಯಿ ಮುಚ್ಚಿದ್ದಾರೆ. ಅದಕ್ಕೆ ದರ್ಜಿಯಮ್ಮನ ನಿಮಿಷ ಎಂದೇ ಹೆಸರು. ಲೋಕದಲ್ಲಿ ಬೇರೆಲ್ಲೂ ಯಾರೂ ನನಗೆ ಪೂರ್ತಿ ಒಂದು ನಿಮಿಷ ಕೊಟ್ಟದ್ದಿಲ್ಲ.

ಏಳು ತಿಂಗಳ ಹಿಂದೆ ಮಾಮನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಉಸಿರು ಬರುವುದು ಹೋಗುವುದು ಕೊರಳಿನಲ್ಲಿ ಮಾಡಿದ ತೂತಿನಿಂದ. ಅದಕ್ಕೆ ಅಡ್ಡ ಕಟ್ಟಿಕೊಳ್ಳಲು ಮೆತ್ತನೆಯ ಅರಿವೆಗಳನ್ನು ನಾನೇ ಹೊಲಿದುಕೊಟ್ಟೆ, ವಾರಕ್ಕೆ ಏಳು, ಏಳಕ್ಕೂ ಏಳು ಬಣ್ಣ. ಅವರು ಬಿಳಿಯದನ್ನು ಮಾತ್ರ ಕಟ್ಟಿಕೊಂಡರು. ಓಣಿಯ ಮನೆ ಬಿಟ್ಟು ಮಗಳ ಮನೆಗೆ ಹೋದರು. ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವರು, ನಾನು ಅಕ್ಕ ಎನ್ನುತ್ತೇನೆ. ನಾಲ್ಕು ಮಹಡಿಯ ಕಟ್ಟಡದ ಮೇಲಿನ ಮಹಡಿಯಲ್ಲಿ ಅವರ ಮನೆ.

ಒಂದು ಸೋಮವಾರ ಅಕ್ಕ ನನ್ನ ಅಂಗಡಿಗೇ ಬಂದರು. ಕೈಯಲ್ಲಿ ಸರಿಮಾಡುವ ಬಟ್ಟೆ ಇರಲಿಲ್ಲ.

"ಅಪ್ಪ ರೇಡಿಯೊ ಮೇಲೆ ಒಂದು ಚೀಟಿ ಅಂಟಿಸಿದಾರೆ," ಎಂದರು. "ಬೇಕಾದವರು ತೆಗೆದುಕೊಂಡು ಹೋಗಿ ಅಂತ ಬರೆದು. ನಾನು ಏನು ಹೇಳಿದ್ರೂ ಗೋಡೆ ಕಡೆ ತಿರುಗಿ ಮಲಗ್ತಾರೆ. ಬೆಳಿಗ್ಗೆ ಎದ್ದರೂ ಮಲಗಿರ್ತಾರೆ. ನೀನೊಂದ್ಸಲ ಬಾ."

ಹೋದೆ. ಮೂಲೆಯ ಮೇಜಿನ ಮೇಲೆ ಸೆಟ್ಟು, ಅದರ ಪಕ್ಕ ಆಂಟೆನಾ ತಂತಿಯನ್ನು ಸೆಟ್ಟಿಗೆ ಹೊಂದಿಸಲು ಅವರೇ ಬಿಸ್ಕತ್ತಿನ ಡಬ್ಬದಲ್ಲಿ ಕಟ್ಟಿದ ಪೆಟ್ಟಿಗೆ, ಹಿತ್ತಾಳೆಯ ಕೀ, ಎಲ್ಲ ಇದ್ದವು. ಎಲ್ಲದರ ಮೇಲೂ ಧೂಳು. ಚೀಟಿ ಮಾತ್ರ ಹೊಸದು. ಮಾಮ ನನ್ನನ್ನು ನೋಡಿ ಸ್ಲೇಟು ತೆಗೆದುಕೊಂಡು ಬರೆದರು: "ನಿನಗೇ ಇರಲಿ ಅಂದುಕೊಂಡಿದ್ದೆ. ಒಯ್ಯಿ."

ಕೀ ಇದೆಯಲ್ಲ ಮಾಮ, ಕೈಯಿಂದ ಮಾತಾಡಿ ಎಂದೆ. ಎನ್ನಲು ಹಿಡಿದ ಹೊತ್ತನ್ನು ಬಿಟ್ಟುಬಿಡಿ.

ಅವರು ಬರೆದರು: "ಹಾಜರಿ ಕರೆದವನು ಒಂದು ನಿಮಿಷಕ್ಕೆ ಕೈಚಾಚಿ ಕೂರಲಾರೆ."

ಅದನ್ನು ಓದಿ ನನ್ನ ಎದೆಗೆ ಕತ್ತರಿ ಹಾಕಿದಂತಾಯಿತು. ಇಪ್ಪತ್ತೆರಡು ವರ್ಷ ನಾನು ಆ ನಿಮಿಷವನ್ನು ತಲೆ ಎತ್ತಿಕೊಂಡು ಬಳಸಿದ್ದೆ, ಅದು ಕೈಚಾಚಿ ಪಡೆಯುವಂಥದ್ದೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ತಡವರಿಕೆ ಎರಡರಷ್ಟಾಗುತ್ತದೆ.

"ನೀವು ನನಗೆ ಕೊಟ್ಟಿದ್ದು ಭಿ... ಭಿ..." ಎಂದು ಶುರುಮಾಡಿದೆ. ತುಟಿ ಅಂಟಿಕೊಂಡಿತು. ಅಕ್ಕ ಬಾಗಿಲಲ್ಲಿ ನಿಂತು ಕಣ್ಣು ತಗ್ಗಿಸಿದರು. ಮಾಮ ಕಾದರು. ಮುಂಚಿನ ಹಾಗೆಯೇ, ಅವಸರವಿಲ್ಲದೆ, ನನ್ನ ಮುಖವನ್ನೇ ನೋಡುತ್ತ ಕಾದರು. "ಭಿಕ್ಷೆಯಾ ಮಾಮ?"

ಬಹಳ ಹೊತ್ತು ಸ್ಲೇಟನ್ನು ಬಟ್ಟೆಯಿಂದ ಒರೆಸಿದರು. ಆಮೇಲೆ ಬರೆದರು: "ಒಂದೇ ಭಾನುವಾರ. ಗುಂಪಿಗೆ ಮೊದಲೇ ಹೇಳಬಾರದು. ಯಾರೂ ಉತ್ತರ ಕೊಡದಿದ್ದರೆ ಸೆಟ್ಟು ನಿನ್ನ ಮನೆಗೆ. ಮತ್ತೆ ಆ ಮಾತು ಎತ್ತಬಾರದು."

ಒಪ್ಪಿಕೊಂಡೆ. ಒಂದು ಭಾನುವಾರ ಸಾಕು ಎನ್ನುವ ಧಿಮಾಕು ನನಗಿತ್ತು.

ಆಂಟೆನಾ ಎಂದರೆ ದೊಡ್ಡ ವಿಷಯವೇನಲ್ಲ, ತಂತಿ. ನಲವತ್ತು ಮೀಟರಿನ ಅಲೆಗೆ ಅದರ ಅರ್ಧ, ಇಪ್ಪತ್ತು ಮೀಟರ್ ತಂತಿ ಬೇಕು. ಅದನ್ನು ನಡುವೆ ತುಂಡರಿಸಿ ಎರಡು ತೋಳು ಮಾಡಿ, ನಡುವಿನಿಂದ ಕೇಬಲ್ ಇಳಿಸಿ ಸೆಟ್ಟಿಗೆ ಸೇರಿಸುವುದು ವಾಡಿಕೆ. ಕಟ್ಟಡದ ಟೆರೇಸು ಹನ್ನೆರಡೇ ಮೀಟರ್ ಉದ್ದ. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಗಿಸುವ ಕಬ್ಬಿಣದ ಕಂಬಕ್ಕೆ ಎಳೆದು, ಉಳಿದದ್ದನ್ನು ಎರಡೂ ಕಡೆ ಗೋಡೆಯಾಚೆ ಇಳಿಬಿಟ್ಟೆ. ಅಳತೆ ಹಿಡಿದದ್ದು ನನ್ನ ಹೊಲಿಗೆ ಟೇಪಿನಿಂದಲೇ. "ಕತ್ತರಿಸಿದ ತಂತಿ ಬೆಳೆಯಲ್ಲ, ಉದ್ದ ಬಿಟ್ಟು ಮಡಿಚು" ಎಂದು ಮಾಮ ಹೇಳಿಕೊಟ್ಟ ದಿನ, ಇದನ್ನು ದರ್ಜಿಗೆ ಹೇಳುತ್ತೀರಲ್ಲ ಎಂದು ನಕ್ಕಿದ್ದೆ. ಆದರೂ ಅವರ ಮಾತಿನಂತೆ ಪ್ರತಿ ತುದಿಯಲ್ಲೂ ಒಂದೂವರೆ ಮೀಟರ್ ಹೆಚ್ಚಿಗೆ ಬಿಟ್ಟು ಹಿಂದಕ್ಕೆ ಮಡಿಚಿ ಕಟ್ಟಿದೆ. ಕೇಬಲ್ ನನ್ನ ಮನೆಯ ಟೆರೇಸಿನ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು, ತಂದು ಹಾಕಿದೆ.

ಇನ್ನು ಸೆಟ್ಟಿನಲ್ಲಿರುವ ಮುಳ್ಳಿನ ಮೀಟರಿನ ವಿಷಯ. ಸೆಟ್ಟು ಕೊಡುವ ಶಕ್ತಿಯನ್ನು ತಂತಿ ಪೂರ್ತಿ ತೆಗೆದುಕೊಳ್ಳಬೇಕು. ಎರಡಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಒಂದಷ್ಟು ವಾಪಸ್ ಬರುತ್ತದೆ. ಎಷ್ಟು ವಾಪಸ್ ಬಂತೆಂದು ಮೀಟರಿನ ಮುಳ್ಳು ತೋರಿಸುತ್ತದೆ. ಶುಕ್ರವಾರ ಸಂಜೆ ನಾನು ಕೀ ಒತ್ತಿದರೆ ಮುಳ್ಳು ಎದ್ದೇಳಲಿಲ್ಲ. ಸೆಟ್ಟಿನ ಗುಂಡಿಯನ್ನು ಸ್ವಲ್ಪ ಆಚೆ ತಿರುಗಿಸಿ ಒತ್ತಿದೆ, ಏಳಲಿಲ್ಲ. ಈಚೆ ತಿರುಗಿಸಿ ಒತ್ತಿದೆ, ಆಗಲೂ ಇಲ್ಲ. ಮೊದಲ ಸಲಕ್ಕೇ ಇಷ್ಟು ಚಂದ ಕೂತ ಆಂಟೆನಾವನ್ನು ನಾನು ಜನ್ಮದಲ್ಲಿ ಕಟ್ಟಿರಲಿಲ್ಲ. ಮಾಮ ಬೆನ್ನು ತಿರುಗಿಸಿ ಮಲಗಿದ್ದರು, ಇಲ್ಲದಿದ್ದರೆ ನಾನು ಕುಣಿದದ್ದನ್ನು ನೋಡಿರುತ್ತಿದ್ದರು.

ಭಾನುವಾರ ಏಳಕ್ಕೆ ಐದು ನಿಮಿಷ ಇರುವಾಗ ಮಾಮ ಕುರ್ಚಿಗೆ ಬಂದು ಕೂತರು. ಇಸ್ತ್ರಿ ಮಾಡಿದ ಶರ್ಟು, ಕೊರಳಿಗೆ ನಾನು ಹೊಲಿದ ನೀಲಿ ಅರಿವೆ. ಅಕ್ಕ ಅದನ್ನು ನೋಡಿ ನನ್ನ ಕಡೆ ನೋಡಿದರು. ಸೆಟ್ಟಿನ ಸ್ಪೀಕರಿನಲ್ಲಿ ಗುಂಪು ಕೇಳಿಸುತ್ತಿತ್ತು, ಸ್ವಲ್ಪ ದೂರದಲ್ಲಿ, ಕಂಬಳಿ ಹೊದ್ದು ಮಾತಾಡಿದ ಹಾಗೆ. ಈಗ ಹಾಜರಿ ಕರೆಯುವವರು ಹಾಲಿನ ಡೈರಿ ನಡೆಸುವ ಒಬ್ಬರು, ಗುಂಪಿನಲ್ಲಿ ಅವರಿಗೆ ಡೈರಿಯಣ್ಣ ಎಂದೇ ಹೆಸರು. ಒಬ್ಬೊಬ್ಬರ ಧ್ವನಿ ಬಂದ ಹಾಗೆಲ್ಲ ಮಾಮನ ಕೈಬೆರಳು ಮೇಜಿನ ಮೇಲೆ ಎಣಿಸುತ್ತಿತ್ತು.

ಏಳು ಇಪ್ಪತ್ತಕ್ಕೆ ಡೈರಿಯಣ್ಣ ಹೇಳಿದರು: "ಮೊದಲ ಸುತ್ತು ಮುಗೀತು. ಈಗ ದರ್ಜಿಯಮ್ಮನ ನಿಮಿಷ. ಎಲ್ಲಾ ಸುಮ್ನಿರಿ."

ನಾನು ಮಾಮನ ಕಡೆ ನೋಡಿ ತಲೆಯಾಡಿಸಿದೆ. ಅವರು ಕೀ ಮೇಲೆ ಬೆರಳಿಟ್ಟು ತಮ್ಮ ಲೈಸೆನ್ಸಿನ ಗುರುತಿನ ಅಕ್ಷರಗಳನ್ನು ಒತ್ತಿದರು. ಕೊನೆಯ ಗೆರೆಯನ್ನು ಎಳೆದು ಬಿಡುವುದು ಅವರ ಹಳೆಯ ಚಾಳಿ, ಅದೂ ಬಂತು. ಬಿಟ್ಟರು. ಕಾದರು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ.

"ದರ್ಜಿಯಮ್ಮ ಇವತ್ತು ಬಂದಿಲ್ಲ ಅನ್ಸುತ್ತೆ," ಎಂದರು ಡೈರಿಯಣ್ಣ. "ಎರಡನೇ ಸುತ್ತಿಗೆ ಹೋಗೋಣ."

ಮಾಮ ಕೀ ಬಿಟ್ಟರು. ಸೆಟ್ಟು ಮುಚ್ಚುವ ಬಟ್ಟೆಯನ್ನು ಕೈಗೆತ್ತಿಕೊಂಡು, ನಾಲ್ಕೂ ಮೂಲೆ ಸರಿಮಾಡಿ ಹೊದಿಸಿದರು. ಸ್ಪೀಕರು ಅದರಡಿಯಲ್ಲೇ ಮಾತಾಡುತ್ತಿತ್ತು. ಆಮೇಲೆ ನನ್ನ ಭುಜ ತಟ್ಟಿದರು, ಸಮಾಧಾನ ನನಗೇ ಬೇಕೇನೋ ಎನ್ನುವ ಹಾಗೆ. ಆ ತಟ್ಟುವಿಕೆಯನ್ನೇ ನನ್ನಿಂದ ತಡೆಯಲಾಗಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವತ್ತು ಆಕಾಶವೇ ಸರಿಯಿಲ್ಲ ಎಂದೆ. ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ಎಂದೆ. "ಹೊಂದಾಣಿಕೆ ಅಷ್ಟು ಚೆ... ಚೆನ್ನಾಗಿದೆ ಮಾಮ, ಈ ತುದಿಯಿಂದ ಆ ತುದಿವರೆಗೆ ಮುಳ್ಳು ಏಳೋದೇ ಇಲ್ಲ," ಎಂದೆ.

ಮಂಚದ ಕಡೆ ಹೊರಟಿದ್ದವರು ನಿಂತರು. ತಿರುಗಿದರು. ಸ್ಲೇಟು ತೆಗೆದು ಬರೆದರು: "ಎಲ್ಲ ಕಡೆಯೂ?"

"ಎಲ್ಲ ಕಡೆಯೂ," ಎಂದೆ. ಜಂಬದಿಂದಲೇ ಎಂದೆ, ಏನು ಸುಳ್ಳು ಹೇಳಲಿ.

ಹೊದಿಸಿದ ಬಟ್ಟೆಯನ್ನು ಕಿತ್ತು ಎಸೆದರು. ತಾವೇ ತಿರುಗಿಸಿ ತಿರುಗಿಸಿ ಕೀ ಒತ್ತಿ ನೋಡಿದರು. ಮುಳ್ಳು ಮಲಗಿಯೇ ಇತ್ತು. ಸ್ಲೇಟಿನ ಮೇಲೆ ಬಳಪ ಮುರಿಯುವ ಹಾಗೆ ಬರೆದರು: "ಕೇಬಲ್ ಎಲ್ಲಿಯದು? ಎಷ್ಟು ವರ್ಷದ್ದು?"

ನಮ್ಮ ಟೆರೇಸಿನದು, ಎಂಟೊಂಬತ್ತು ವರ್ಷ ಆಗಿರಬಹುದು ಎಂದೆ. ತುದಿ ಮುಚ್ಚಿತ್ತೇ ಎಂದು ಕೈಸನ್ನೆಯಲ್ಲಿ ಕೇಳಿದರು. ಮುಚ್ಚಿರಲಿಲ್ಲ ಎಂದು ಒಪ್ಪಿಕೊಂಡೆ.

ಅವರು ಮೇಜಿನ ಖಾನೆಯಿಂದ ತಮ್ಮ ಲೈನ್‌ಮನ್ ಚಾಕು ತೆಗೆದುಕೊಂಡು ಬಾಗಿಲು ದಾಟಿದರು. ಏಳು ತಿಂಗಳಲ್ಲಿ ಒಂದು ಮೆಟ್ಟಿಲು ಹತ್ತದವರು. "ಅಪ್ಪ, ನಿಧಾನ," ಎಂದು ಅಕ್ಕ ಕೂಗಿದರು. ಅರ್ಧ ದಾರಿಯಲ್ಲಿ ನಿಂತು, ಅರಿವೆಯ ಹಿಂದೆ ಉಸಿರು ಎಳೆದುಕೊಂಡು, ಮತ್ತೆ ಹತ್ತಿದರು. ಟೆರೇಸಿಗೆ ಬಂದವರೇ ಎರಡೂ ತೋಳುಗಳನ್ನು ಕೇಬಲಿನಿಂದ ಕಳಚಿಹಾಕಿ, ಕೆಳಗಿನ ಕಿಟಕಿಯ ಕಡೆ ಬೆರಳು ತೋರಿಸಿದರು. ನನಗೆ ಅರ್ಥವಾಯಿತು. ಅಕ್ಕನಿಗೆ ಕೀ ಒತ್ತಿ ಮುಳ್ಳು ನೋಡಲು ಹೇಳಿದೆ.

"ಮಲಗೇ ಇದೆ," ಎಂದು ಕಿಟಕಿಯಿಂದ ಉತ್ತರ ಬಂತು. "ಚೆನ್ನಾಗೇ ಇದೆ ಅಲ್ವಾ?"

ಆಂಟೆನಾ ಇಲ್ಲವೇ ಇಲ್ಲ, ಆದರೂ ಹೊಂದಾಣಿಕೆ ಅಮೋಘ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಕುಡಿದಿದ್ದೆ. ಹೊಲಿದ ಬಟ್ಟೆ ವಾಪಸ್ ಬರಲಿಲ್ಲವೆಂದರೆ ಗಿರಾಕಿಗೆ ಹಿಡಿಸಿತು ಎಂದೇ ಅರ್ಥವಲ್ಲ, ಆತ ಬೇರೆ ದರ್ಜಿಯನ್ನು ಹುಡುಕಿಕೊಂಡಿರಬಹುದು. ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ನೋಡುತ್ತಿರುವ ಈ ಸತ್ಯ ಮೀಟರಿನ ಮುಂದೆ ಕೂತಾಗ ಮರೆತುಹೋಗಿತ್ತು. ಮಾಮ ಚಾಕುವಿನಿಂದ ಕೇಬಲನ್ನು ಸೀಳಿ ನನ್ನ ಮೂಗಿನ ಮುಂದೆ ಹಿಡಿದರು. ಒಳಗಿನ ತಾಮ್ರದ ಜಾಲರಿ ಕಪ್ಪಾಗಿತ್ತು. ಹಿಂಡಿದರೆ ಎರಡು ಹನಿ ನೀರು ನನ್ನ ಚಪ್ಪಲಿಯ ಮೇಲೆ ಬಿತ್ತು. ಒಂಬತ್ತು ವರ್ಷದ ಮಳೆ ಕುಡಿದು ಕೂತ ಕೇಬಲು ಮಾಮನ ಮಾತನ್ನೆಲ್ಲ ದಾರಿಯಲ್ಲೇ ನುಂಗಿತ್ತು. ತಂತಿಗೆ ತಲುಪಿದರಲ್ಲವೇ ವಾಪಸ್ ಬರುವುದು.

ಅವರು ಬೈದರು. ಶಬ್ದವಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಒಂದೊಂದು ಅಕ್ಷರವೂ ನನಗೆ ತಿಳಿಯಿತು, ಹದಿನೆಂಟನೇ ವಯಸ್ಸಿನಿಂದ ಕೇಳಿದ ಬೈಗುಳವೇ. ಕಣ್ಣಿದ್ದೂ ಕುರುಡಿ, ಮುಳ್ಳು ನೋಡ್ತೀಯ, ತಂತಿ ನೋಡಲ್ಲ. ನಾನು ತಲೆ ತಗ್ಗಿಸಿ ನಿಂತು ಅಳುತ್ತಿದ್ದೆ. ಅವರು ಬೈಗುಳ ಜಾಸ್ತಿಯಾಯಿತೆಂದುಕೊಂಡರು. ನಾನು ಅತ್ತದ್ದು ಸಂತೋಷಕ್ಕೆ. ಏಳು ತಿಂಗಳಲ್ಲಿ ಆ ಮುಖದಲ್ಲಿ ಇಷ್ಟು ಸಿಟ್ಟು ನಾನು ನೋಡಿರಲಿಲ್ಲ, ಆ ಸಿಟ್ಟಿಗೆ ಕೈಮುಗಿಯಬೇಕು ಅನ್ನಿಸಿತು.

ಗಂಟೆ ಏಳೂವರೆ. ಎಂಟಕ್ಕೆ ಐದು ನಿಮಿಷ ಇರುವಾಗ ಡೈರಿಯಣ್ಣ ಬಿಟ್ಟುಹೋದವರನ್ನು ಇನ್ನೊಮ್ಮೆ ಕರೆಯುತ್ತಾರೆ, ಅದು ಮಾಮನೇ ಹಾಕಿಟ್ಟ ಪದ್ಧತಿ. ಬೇರೆ ಕೇಬಲು ಇರಲಿಲ್ಲ. ಭಾನುವಾರ ಬೆಳಿಗ್ಗೆ ಯಾವ ಅಂಗಡಿ ತೆರೆದಿರುತ್ತದೆ. ಮಾಮ ಅರ್ಧ ನಿಮಿಷ ತಂತಿಯನ್ನೂ ಗೋಡೆಯನ್ನೂ ನೋಡಿದರು. ಕೇಬಲು ಬೇಡ ಎಂದು ಕೈಯಾಡಿಸಿದರು. ಎರಡು ತೋಳುಗಳನ್ನು ನಡುವೆ ಸೇರಿಸಿ ಹೆಣೆದು ಒಂದೇ ತಂತಿ ಮಾಡಿದರು. ಆಚೆ ತುದಿ ಕಬ್ಬಿಣದ ಕಂಬದ ಕಡೆ ಇರಲಿ, ಈಚೆ ತುದಿಯೇ ನೇರ ಕಿಟಕಿಯೊಳಗೆ ಬರಲಿ, ಅಲ್ಲಿ ಬಿಸ್ಕತ್ತಿನ ಡಬ್ಬ ನೋಡಿಕೊಳ್ಳುತ್ತದೆ ಎನ್ನುವುದು ಅವರ ಲೆಕ್ಕ.

ತಂತಿ ಇಳಿಬಿಟ್ಟೆವು. ಕಿಟಕಿಗೆ ಒಂದು ಮೊಳ ಸಾಲಲಿಲ್ಲ.

ಮಾಮ ನನ್ನ ಕಡೆ ನೋಡಿದರು. ನಾನು ತುದಿಯ ಮಡಿಕೆ ಬಿಚ್ಚಿದೆ. ಒಂದೂವರೆ ಮೀಟರ್ ಉದುರಿ ಇಳಿದು ಅಕ್ಕನ ಕೈಗೆ ಸಿಕ್ಕಿತು. ಆಗ ಮಾಮ ನಕ್ಕರು. ಆ ನಗುವಿಗೂ ಶಬ್ದ ಇರಲಿಲ್ಲ, ಹೊಟ್ಟೆ ಮಾತ್ರ ಕುಣಿಯಿತು.

ಕೆಳಗೆ ಬಂದು ತಂತಿಯ ತುದಿಯನ್ನು ಡಬ್ಬಕ್ಕೆ ಬಿಗಿದರು, ಅರ್ತಿಂಗ್‌ಗೆಂದು ಡಬ್ಬದಿಂದ ಇನ್ನೊಂದು ತಂತಿಯ ತುಂಡನ್ನು ಕಿಟಕಿಯ ಸರಳಿಗೆ ಸುತ್ತಿದರು. ಕೀ ಒತ್ತಿದಾಗ ಮುಳ್ಳು ಧಿಗ್ಗನೆ ಮೇಲಕ್ಕೆ ಹಾರಿತು. ಇಷ್ಟು ಕೆಟ್ಟ ಹೊಂದಾಣಿಕೆ ಕಂಡು ಇಷ್ಟು ಸಮಾಧಾನ ನನಗೆಂದೂ ಆಗಿಲ್ಲ. ಡಬ್ಬದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ಒಂದೇ ಒಂದು ಜಾಗದಲ್ಲಿ ಮುಳ್ಳು ಇಳಿಯಿತು, ಆಚೀಚೆ ಹೋದರೆ ಮತ್ತೆ ಏರಿತು. ಇಂಥ ಹಠವಿದ್ದರೇ ಅದು ನಿಜವಾದ ಆಂಟೆನಾ. ಸ್ಪೀಕರಿನಲ್ಲಿ ಗುಂಪಿನವರು ಕಂಬಳಿ ತೆಗೆದೆಸೆದು ಪಕ್ಕದ ಕೋಣೆಗೆ ಬಂದ ಹಾಗಿತ್ತು.

"ಬಿಟ್ಟುಹೋದವರು ಯಾರಾದ್ರೂ ಇದ್ದೀರಾ?" ಡೈರಿಯಣ್ಣನ ಧ್ವನಿ. "ದರ್ಜಿಯಮ್ಮ, ನಿಮ್ಮ ನಿಮಿಷ ಹಾಗೇ ಇಟ್ಟಿದೀವಿ. ಇದ್ರೆ ಒತ್ತಿ."

ಮಾಮ ಒತ್ತಿದರು. ಗುರುತಿನ ಅಕ್ಷರಗಳನ್ನು ಪೂರ್ತಿ ಒತ್ತಲೂ ಇಲ್ಲ, ಕೈ ನಡುವೆ ತಡವರಿಸಿತು. ಮತ್ತೆ ಮೊದಲಿನಿಂದ ಒತ್ತಿ, ಕೊನೆಯ ಗೆರೆಯನ್ನು ಎಳೆದು ಬಿಟ್ಟರು.

ಸ್ಪೀಕರಿನಲ್ಲಿ ಬರಿಯ ಸುಯ್ಯೆನ್ನುವ ಸದ್ದು. ಅಕ್ಕ ನನ್ನ ಮುಂಗೈ ಹಿಡಿದುಕೊಂಡರು.

"ಇದು ದರ್ಜಿಯಮ್ಮನ ಕೈ ಅಲ್ಲ," ಎಂದರು ಡೈರಿಯಣ್ಣ ನಿಧಾನವಾಗಿ. "ಈ ಬಾಲ ನಂಗೊತ್ತು. ಮಾಮ, ನೀವಾ?"

ಮಾಮ ಹೌದೆಂದು ಒತ್ತಿದರು.

"ಎಲ್ಲಾ ಸುಮ್ನಿರಿ," ಎಂದರು ಡೈರಿಯಣ್ಣ. "ಯಾರೂ ಬಾಯಿ ತೆರೀಬೇಡಿ. ಮಾಮ ಮಾತಾಡ್ತಿದಾರೆ."

ಏಳು ತಿಂಗಳ ಮೇಲೆ ಸಿಕ್ಕ ಮೊದಲ ನಿಮಿಷದಲ್ಲಿ ಕಂಬದ ಮಾಮ ಏನು ಹೇಳಿರಬಹುದು ಎಂದು ನೀವು ಊಹಿಸುತ್ತಿದ್ದರೆ, ಎಂದಿನಂತೆ ತಪ್ಪಾಗಿಯೇ ಊಹಿಸುತ್ತೀರಿ. ಅವರು ನನ್ನ ಮೇಲೆ ಚಾಡಿ ಹೇಳಿದರು. ದರ್ಜಿಯಮ್ಮ ಒಂಬತ್ತು ವರ್ಷ ಮಳೆಯಲ್ಲಿ ನೆನೆದ ಕೇಬಲು ಹಾಕಿದ್ದು, ಮುಳ್ಳು ಏಳಲಿಲ್ಲವೆಂದು ಬೀಗಿದ್ದು, ನೀರು ಚಪ್ಪಲಿಯ ಮೇಲೆ ಬಿದ್ದದ್ದು, ಎಲ್ಲವನ್ನೂ ಅಕ್ಷರ ಅಕ್ಷರ ಒತ್ತಿದರು. ನಿಮಿಷ ಮುಗಿಯಿತು. ಎರಡಾಯಿತು, ನಾಲ್ಕಾಯಿತು. ಎಂಟು ಗಂಟೆ ದಾಟಿತು. ಹನ್ನೊಂದು ಊರಿನಲ್ಲಿ ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ, ಯಾರೂ ಕೆಮ್ಮಲಿಲ್ಲ. ಮೋರ್ಸ್ ಮರೆತವರೂ ಇದ್ದರು ಆ ಗುಂಪಿನಲ್ಲಿ, ಅವರೂ ಅರ್ಥವಾಗದೆಯೇ ಕೂತು ಕೇಳಿದರು.

ಕೊನೆಗೆ ಮಾಮ ಕೀ ಬಿಟ್ಟಾಗ ಡೈರಿಯಣ್ಣ ಹೇಳಿದ್ದು ಇಷ್ಟೇ: "ಮುಂದಿನ ವಾರದಿಂದ ಹಾಜರಿ ಎರಡು ನಿಮಿಷ ಮುಂಚೆ ಶುರು ಮಾಡೋಣ. ಮಾಮ ಒತ್ತಿ ಕರೀಲಿ, ನಾನು ಓದಿ ಹೇಳ್ತೀನಿ."

ಮಾಮ ಸೆಟ್ಟು ಆರಿಸಿದರು. ನಾನು ಅವರ ಪಕ್ಕ ಕೂತು, ಇಪ್ಪತ್ತೆರಡು ವರ್ಷದಿಂದ ಕೀಯಲ್ಲಿ ಎಷ್ಟೋ ಸಲ ಹೇಳಿದ್ದನ್ನು ಬಾಯಿಬಿಟ್ಟು ಹೇಳಬೇಕೆಂದುಕೊಂಡೆ. ನಿಮ್ಮ ಉಪಕಾರ ದೊಡ್ಡದು ಮಾಮ ಎಂದು. ಉಪಕಾರದ ಪಕಾರದಲ್ಲೇ ತುಟಿ ಅಂಟಿತು. ಅವರು ನನ್ನ ಮುಖ ನೋಡುತ್ತ ಕಾದರು. ಅಕ್ಕನೂ ಕಾದರು. ನಾನು ಪೂರ್ತಿ ಹೇಳಿದೆ.

ಅವರು ತಲೆಯಾಡಿಸಿದರು. ಆಮೇಲೆ ಸೆಟ್ಟಿನ ಮೇಲಿನ ಚೀಟಿಯನ್ನು ಉಗುರಿನಿಂದ ಜೋಪಾನವಾಗಿ ಕಿತ್ತು, ಮಗುಚಿ, ಅದರ ಖಾಲಿ ಬೆನ್ನಿನ ಮೇಲೆ ತಂತಿಯ ಹೊಸ ಅಳತೆ ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿ ನನ್ನ ಕೈಗೆ ಕೊಟ್ಟರು: "ಬುಧವಾರ ಬಾ. ಟೇಪು ತಾ. ಕೇಬಲು ತರಬೇಡ."